ಬಟ್ಟೆ ಒಬ್ಬರು, ಕೋಲು ಒಬ್ಬರು

ಮಾರ್ಚ್ ೯, ಭಾನುವಾರ

ಪ್ರೀತಿಯ ಪೀಪಿ,

ಮೊದಲು ನನ್ನನ್ನು ಬೈದುಬಿಡು. ನಿನ್ನ ಕಾಗದ ಬಂದು ಐದು ವಾರವಾಯಿತು, ನಾನು ಒಂದು ಸಾಲೂ ಬರೆದಿಲ್ಲ. ಬೈದಾಯಿತೇ? ಸರಿ, ಈಗ ಕೇಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಭಾವನ ಬೇಕರಿಗೆ ಹೊಸ ಒಲೆ ಬಂದಿದೆ. ಅದರ ಗುಣ ಇನ್ನೂ ಅವರ ಹಿಡಿತಕ್ಕೆ ಸಿಕ್ಕಿಲ್ಲ, ದಿನಾ ಒಂದಷ್ಟು ಬ್ರೆಡ್ಡು ತಳ ಸೀದು ಮನೆಗೆ ಬರುತ್ತದೆ. ತಿಂದು ತಿಂದು ನನಗೆ ಈಗ ಸೀಯದ ಬ್ರೆಡ್ಡಿನ ರುಚಿಯೇ ಮರೆತುಹೋಗಿದೆ. ನಮ್ಮ ಕಾರ್ಖಾನೆಯಲ್ಲಿ ಲಾರಿಗಳ ಹೊದಿಕೆ ಹೊಲಿಯುವ ಕೆಲಸ ಬೆಟ್ಟದಷ್ಟು ಬಿದ್ದಿದೆ. ಹೊಲಿಗೆಯಂತ್ರದ ಮುಂದೆ ಕೂತರೆ ಸಂಜೆಯ ಹೊತ್ತಿಗೆ ಸೊಂಟ ನನ್ನದೋ ಪಕ್ಕದವಳದೋ ಗೊತ್ತಾಗುವುದಿಲ್ಲ.

ನಲವತ್ತೆರಡು ವರ್ಷದ ಹೆಂಗಸನ್ನು ಪೀಪಿ ಅನ್ನಬೇಡ ಎಂದು ನೀನು ಈ ಸಲವೂ ಬರೆದಿದ್ದೀಯ. ಏನು ಮಾಡಲಿ ಹೇಳು. ನಾಲ್ಕು ವರ್ಷದವಳಿದ್ದಾಗ ಬಾಯಿಗಿಟ್ಟ ಪೀಪಿಯನ್ನು ನೀನು ತೆಗೆಯಲೇ ಇಲ್ಲ. ಡ್ರಿಲ್ ಟೀಚರ್ ಆದಮೇಲೆ ಪೀಪಿ ಹೋಗಿ ಸೀಟಿ ಬಂತು, ಅಷ್ಟೆ. ಈಗ ಸ್ಕೂಲಿನವರು ನಿನ್ನನ್ನು ಗ್ರಂಥಾಲಯದಲ್ಲಿ ಕೂರಿಸಿದ್ದಾರೆ, ಅಲ್ಲಿ ಯಾರೂ ಸದ್ದು ಮಾಡಬಾರದಂತೆ. ಆದರೂ ನನಗೆ ನೀನು ಪೀಪಿಯೇ.

ಫೋನ್ ಮಾಡಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು, ನಿಜ. ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ತುಂಡರಿಸಿ "ಹೂಂ ಅಕ್ಕಾ, ಗೊತ್ತಾಯ್ತು" ಅನ್ನುತ್ತೀಯ. ಈ ಸಲ ನನ್ನ ಮಾತು ಪೂರ್ತಿ ಆಗಬೇಕು. ಅದೂ ಅಲ್ಲದೆ ನೀನೇ ಕಾಗದದಲ್ಲಿ ಕೇಳಿದ್ದೀಯ, ಕಾಗದದಲ್ಲೇ ಉತ್ತರ ಕೊಡುವುದು ಸರಿ. ನಿನ್ನ ಸಾಲುಗಳು ನನಗೆ ಬಾಯಿಪಾಠವಾಗಿವೆ. "ಅಕ್ಕಾ, ಮತ್ತೆ ಹೋಗೋಣ. ಅದೇ ದಾರಿ, ಅದೇ ಐದು ದಿನ. ಈಗ ನನ್ನ ಕಾಲು ದಿನಕ್ಕೆ ಹತ್ತು ಕಿಲೋಮೀಟರ್ ನಡೆದ್ರೂ ತಕರಾರು ಮಾಡಲ್ಲ. ಟೆಂಟು ಮಾತ್ರ ನೀನೇ ಆರಿಸು, ಬಟ್ಟೆ ವಿಷಯ ನಿನಗೆ ಗೊತ್ತು. ಇಬ್ಬರು ಮಲಗೋ ಹಾಗಿರಲಿ, ಹಗುರ ಇರಲಿ." ಇದರ ಕೆಳಗೆ ಸೀಟಿಯ ಬಗ್ಗೆ ಒಂದು ಸಾಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎಷ್ಟು ಸುಲಭವಾಗಿ ಬರೆದುಬಿಟ್ಟೆ! ನಿನ್ನ ಎಡಗಾಲಿನಲ್ಲಿ ಮೂರು ಬೆರಳಿಲ್ಲ. ನೀನು ಅದನ್ನು ಹಳೇ ಚಪ್ಪಲಿ ಕಳೆದುಕೊಂಡವಳ ಹಾಗೆ ಮರೆತಿದ್ದೀಯ. ನಾನು ಮರೆತಿಲ್ಲ. ಬೇಡ ಅನ್ನಲು ಬಾಯಿ ಬರುವುದಿಲ್ಲ, ಸರಿ ಅನ್ನಲು ಎದೆ ಬರುವುದಿಲ್ಲ. ನಾನು ಆರಿಸಿದ ಟೆಂಟಿನಲ್ಲಿ ನಿನಗೆ ಮತ್ತೇನಾದರೂ ಆದರೆ? ಉಳಿದ ಏಳು ಬೆರಳಿನ ಲೆಕ್ಕವನ್ನು ಯಾರಿಗೆ ಒಪ್ಪಿಸಲಿ?

ಆದರೂ ಟೆಂಟು ನೋಡಲು ಹೋಗಿ ಬಂದೆ. ಅದನ್ನೇ ಬರೆಯಬೇಕೆಂದು ಕೂತಿದ್ದೇನೆ.

ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಯೊಂದು ನಮ್ಮ ಬಸ್ ನಿಲ್ದಾಣದ ಹಿಂದೆ, ಬೀಗದ ಕೈ ಮಾಡಿಕೊಡುವವನ ಪಕ್ಕದಲ್ಲಿದೆ. ನಡೆಸುವಾಕೆ ಐವತ್ತು ದಾಟಿದ ಗಟ್ಟಿ ಹೆಂಗಸು. ಇಪ್ಪತ್ತು ವರ್ಷ ಜನರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಗೈಡ್ ಆಗಿದ್ದಳಂತೆ, ಮಂಡಿ ಕೈಕೊಟ್ಟ ಮೇಲೆ ಅಂಗಡಿ ಇಟ್ಟಳಂತೆ. ನಾನು ಒಳಗೆ ಕಾಲಿಟ್ಟು, "ಇಬ್ಬರಿಗೆ ಒಂದು ಟೆಂಟು, ಹಗುರ ಇರ್ಬೇಕು, ಗಟ್ಟಿ ಇರ್ಬೇಕು, ನೀರು ಬರಬಾರ್ದು, ಗಾಳಿ ಆಡ್ಬೇಕು" ಅಂದೆ. ಆಕೆ ನಗುತ್ತಾ, "ಇದ್ರಲ್ಲಿ ಮೂರು ಆರಿಸ್ಕೊಳ್ಳಿ, ನಾಲ್ಕನೇದನ್ನ ದೇವರು ಕೊಡ್ಬೇಕು" ಅಂದಳು. ಆ ನಗು ಅಲ್ಲಿಗೇ ನನಗೆ ಹಿಡಿಸಲಿಲ್ಲ.

ಮೂರು ಟೆಂಟು ತೋರಿಸಿದಳು. ಮೊದಲನೆಯದು ಎರಡು ಕಿಲೋ ನಾನೂರು ಗ್ರಾಂ. ಎರಡು ಬಾಗಿಲು, ಚೀಲ ಬೂಟು ಇಡಲು ಎರಡೂ ಕಡೆ ಜಗುಲಿ. ಅದರೊಳಗೆ ಕೂತು ತಲೆ ಬಾಚಿಕೊಳ್ಳಬಹುದು. ಎರಡನೆಯದು ಒಂದು ಕಿಲೋ ಏಳುನೂರು. ಒಳಗೆ ಸೊಳ್ಳೆಪರದೆಯಂಥ ಪದರ, ಹೊರಗೆ ನೀರು ತಡೆಯುವ ಪದರ, ನಡುವೆ ಗಾಳಿ. ಎರಡು ಕೋಲು ಅಡ್ಡಡ್ಡ ಹಾಯಿಸಿದರೆ ತಾನಾಗಿ ನಿಲ್ಲುತ್ತದೆ, ಬಂಡೆಯ ಮೇಲೂ ನಿಲ್ಲುತ್ತದೆ. ಮೂರನೆಯದು ಒಂಬೈನೂರ ಅರವತ್ತು ಗ್ರಾಂ. ಒಂದೇ ಪದರ, ಕೋಲೇ ಇಲ್ಲ. ನಾವು ಕೈಯಲ್ಲಿ ಹಿಡಿದು ನಡೆಯುವ ಊರುಗೋಲುಗಳನ್ನೇ ಒಳಗೆ ನೆಟ್ಟು ಹಗ್ಗ ಬಿಗಿದರೆ ಅದೇ ಕಂಬ. ಅದರ ಬಟ್ಟೆ ಮುಟ್ಟಿ ನನಗೆ ಜೀವ ಹೋದಂತಾಯಿತು ಪೀಪಿ. ಈರುಳ್ಳಿ ಸಿಪ್ಪೆ! ಇಪ್ಪತ್ತಾರು ವರ್ಷ ತಾಡಪಾಲು ಹೊಲಿದ ಕೈ ನನ್ನದು. ನಮ್ಮ ಸೂಜಿ ಕಂಡರೇ ಈ ಬಟ್ಟೆ ಹರಿದುಹೋಗುತ್ತದೆ. ಒಂದು ತುಂಡು ಕೇಳಿ ತಂದು ನಮ್ಮ ಮೇಸ್ತ್ರಿಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿ, "ಇದ್ರಲ್ಲಿ ಏನು ಕಟ್ಟಿ ಕೊಡ್ತಾರೆ, ಮಿಠಾಯೀನಾ?" ಅಂದರು.

ಎರಡನೆಯದೇ ಸರಿ ಎಂದು ನನ್ನ ಮನಸ್ಸು ಅಂಗಡಿಯಲ್ಲಿದ್ದಾಗಲೇ ಹೇಳಿತ್ತು. ಒಂದು ಕಿಲೋ ಏಳುನೂರು ಸ್ವಲ್ಪ ಭಾರವೇನೋ, ನನ್ನ ತಂಗಿಗೆ ಕಾಲು ಅಷ್ಟು ಸರಿಯಿಲ್ಲ ಅಂದೆ. ಆಗ ಆಕೆ ಹೇಳಿದ್ದು ಇದು. "ಅಯ್ಯೋ, ಪೂರ್ತಿ ಒಬ್ಬರೇ ಯಾಕೆ ಹೊರ್ತೀರಿ? ಎಲ್ಲರೂ ಮಾಡೋ ಹಾಗೆ ಹಂಚ್ಕೊಳ್ಳಿ. ಬಟ್ಟೆ ಒಬ್ಬರು, ಕೋಲು ಒಬ್ಬರು."

ನನಗೆ ಅಲ್ಲೇ ಒಂದು ಕುರ್ಚಿ ಬೇಕಾಯಿತು. ಆಕೆ ನೀರು ಕೊಟ್ಟಳು. ಏನಾಯ್ತು ಏನಾಯ್ತು ಎಂದು ಕೇಳಿದಳು. ಹೇಳಿದೆ.

ಉಳಿದದ್ದನ್ನು ನಾಳೆ ಬರೆಯುತ್ತೇನೆ. ನಿನ್ನ ಭಾವ ಊಟಕ್ಕೆ ಕರೆಯುತ್ತಿದ್ದಾರೆ, ಮೂರನೆಯ ಸಲ.

ಮಾರ್ಚ್ ೧೨, ಬುಧವಾರ

ನಾಳೆ ಅಂದವಳು ಬುಧವಾರಕ್ಕೆ ಬಂದಿದ್ದೇನೆ, ನನ್ನ ಬುದ್ಧಿ ನಿನಗೆ ಗೊತ್ತೇ ಇದೆ.

ಅಂಗಡಿಯಾಕೆಗೆ ನಾವು ಎಲ್ಲರಿಗೂ ಹೇಳುವ ಹಾಗೆಯೇ ಹೇಳಿದೆ. ನಾಲ್ಕು ವರ್ಷದ ಹಿಂದೆ ನಾನೂ ತಂಗಿಯೂ ಹೋಗಿದ್ದೆವು. ಅದು ಮೂರನೆಯ ದಿನ. ಕಣಿವೆಯ ಏರಿನಲ್ಲಿ ದಾರಿ ಕವಲೊಡೆಯುವ ಕಡೆ ಅವಳು ಕಾಲುಚೀಲ ಬದಲಿಸಲು ತೊರೆಯ ಹತ್ತಿರ ಕೂತಳು, ನಾನು ಮುಂದೆ ನಡೆದೆ. ಮಂಜು ಇಳಿಯಿತು. ನಾನು ಬಲದ ದಾರಿಯಲ್ಲಿದ್ದೆ, ಅವಳು ಮಂಜಿನಲ್ಲಿ ಎಡದ ದಾರಿ ಹಿಡಿದಳು. ಟೆಂಟನ್ನು ಹಂಚಿಕೊಂಡಿದ್ದೆವು, ಬಟ್ಟೆ ನನ್ನ ಚೀಲದಲ್ಲಿ, ಕೋಲು ಅವಳ ಚೀಲದಲ್ಲಿ. ಸಂಜೆಯಿಂದ ಹಿಮ ಬಿತ್ತು. ನಾನು ಬಟ್ಟೆ ಸುತ್ತಿಕೊಂಡು ಬೆಳಗು ಮಾಡಿದೆ. ಅವಳು ಒದ್ದೆ ಬೂಟಿನಲ್ಲಿ ಒಂದು ಬಂಡೆಯ ಕೆಳಗಿದ್ದಳು. ಬೆಳಿಗ್ಗೆ ಹುಡುಕಿ ಬಂದವರಿಗೆ ಮೊದಲು ಕಂಡದ್ದು ಕೋಲುಗಳಂತೆ. ಯಾರಿಗಾದರೂ ಕಾಣಲಿ ಎಂದು ಅವಳು ಬರೀ ಕೋಲುಗಳನ್ನು ಜೋಡಿಸಿ ಹಿಮದ ಮೇಲೆ ನಿಲ್ಲಿಸಿದ್ದಳು.

ನೀನು ಇದನ್ನು ನೆಂಟರ ಮುಂದೆ ಹೇಳುವಾಗ "ಟೆಂಟಿನ ಅಸ್ಥಿಪಂಜರದ ಪಕ್ಕ ಮಲಗಿದ್ದೆ" ಎಂದು ನಗಿಸುತ್ತೀಯಲ್ಲ, ನನಗೆ ಹಾಗೆ ಹೇಳಲು ಬರುವುದಿಲ್ಲ. ನೆಟ್ಟಗೆ ಹೇಳಿ ಮುಗಿಸಿದೆ.

ಆಕೆ, "ಸೀಟಿ ಇರ್ಲಿಲ್ವಾ?" ಎಂದು ಕೇಳಿದಳು.

"ಇತ್ತು. ಇಬ್ಬರ ಹತ್ರಾನೂ ಇತ್ತು. ಗಾಳಿ ಜೋರಿತ್ತು, ಏನೂ ಕೇಳಿಸ್ಲಿಲ್ಲ" ಅಂದೆ.

"ಎಷ್ಟು ದೂರ ಹೋಗಿದ್ರಿ?"

"ಹತ್ತು ನಿಮಿಷದ ದಾರಿ ಇರ್ಬೇಕು."

"ಅಷ್ಟೇನಾ? ಸೀಟಿ ಗಾಳೀಲೂ ಕೇಳತ್ತೆ ಕಣ್ರೀ. ಅದಕ್ಕೇ ಅಲ್ವಾ ಸೀಟಿ ಇಟ್ಕೊಳ್ಳೋದು."

ಆಕೆ ತಪ್ಪೇನೂ ಆಡಲಿಲ್ಲ, ತನಗೆ ತಿಳಿದ ಕೆಲಸದ ಮಾತು ಹೇಳಿದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. "ನೀವು ಅಲ್ಲಿದ್ರಾ? ಇದ್ದೋರ ಹಾಗೆ ಮಾತಾಡ್ಬೇಡಿ" ಎಂದು ಕೂಗಿ, ಕೊಡೆಯನ್ನೂ ಅಲ್ಲೇ ಬಿಟ್ಟು ಬಂದುಬಿಟ್ಟೆ. ನಾನು ಅಂಗಡಿಗಳಲ್ಲಿ ಜಗಳವಾಡುವವಳಲ್ಲ ಪೀಪಿ. ಬೇಳೆಯಲ್ಲಿ ಕಲ್ಲು ಸಿಕ್ಕಿದರೂ ಮರಳಿ ಹೋಗಿ ಕೇಳುವವಳಲ್ಲ. ಅವತ್ತು ಏನಾಯಿತೋ.

ಆಮೇಲೆ ಎರಡು ವಾರ ಆ ಬೀದಿಗೆ ತಲೆ ಹಾಕಲಿಲ್ಲ. ಕೆಲಸಕ್ಕೆ ಸುತ್ತು ದಾರಿಯಲ್ಲಿ ಹೋದೆ. ನಿನ್ನ ಭಾವನಿಗೆ ಎಲ್ಲ ಅರ್ಥವಾಗುತ್ತದೆ, ಅರ್ಥವಾದದ್ದನ್ನು ಅವರು ಹೇಳುವುದು ಮಾತ್ರ ಕಡಿಮೆ. ಒಂದು ಸಂಜೆ ಬೇಕರಿಯಿಂದ ಬರುತ್ತಾ ಒಂದು ಕೈಯಲ್ಲಿ ನನ್ನ ಕೊಡೆ, ಇನ್ನೊಂದು ಕೈಯಲ್ಲಿ ಎರಡು ಟೆಂಟು ಹಿಡಿದುಕೊಂಡು ಬಂದರು. "ಮನೇಲಿಟ್ಕೊಂಡು ನೋಡಿ, ಬೇಡದೇ ಇರೋದನ್ನ ವಾಪಸ್ ಕೊಡಿ ಅಂದ್ರು ಅವರು. ನಿನ್ನ ಹತ್ರ ತಮ್ಮ ಪರವಾಗಿ ಕ್ಷಮೆ ಕೇಳಿ ಅಂತಾನೂ ಹೇಳಿದ್ರು. ನೀನೇ ಕೇಳ್ಬೇಕಿತ್ತೋ ಏನೋ, ನಂಗೊತ್ತಿಲ್ಲ" ಅಂದರು. ಜೊತೆಗೆ ಕಿತ್ತಳೆ ಬಣ್ಣದ ಒಂದು ಸೀಟಿ. ಅದನ್ನು ಆಕೆ ಸುಮ್ಮನೆ ಕೊಟ್ಟಳಂತೆ. ಈಗಲೂ ನನ್ನ ಮೇಜಿನ ಮೇಲಿದೆ, ದಾರದ ಉಂಡೆಗಳ ನಡುವೆ. ಮುಟ್ಟಿಲ್ಲ.

ಮರುದಿನ ಎರಡನ್ನೂ ಬೇಕರಿಗೆ ಒಯ್ದು ಹಿಟ್ಟು ತೂಗುವ ತಕ್ಕಡಿಯಲ್ಲಿಟ್ಟೆವು. ತೂಗಿ ನೋಡಿದರೆ ಒಂಬೈನೂರ ಅರವತ್ತು ಗ್ರಾಮಿನ ಮಹಾತಾಯಿ ಒಂದು ಕಿಲೋ ನೂರಾ ತೊಂಬತ್ತು! ಗೂಟ, ಹಗ್ಗ, ಚೀಲ ಯಾವುದನ್ನೂ ಅವರು ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ನಿನ್ನ ಭಾವ, "ಬ್ರೆಡ್ಡಿನ ತೂಕಾನ ಉಪ್ಪು ನೀರು ಬಿಟ್ಟು ಹೇಳಿದ ಹಾಗಾಯ್ತು" ಎಂದು ನಕ್ಕರು. ಒಂದು ಕಿಲೋ ಏಳುನೂರರದ್ದು ಎರಡು ಕಿಲೋ ಹತ್ತಿರ ಬಂತು. ಎರಡಕ್ಕೂ ಹಿಟ್ಟು ಮೆತ್ತಿಕೊಂಡಿದೆ. ಬೆಟ್ಟದಲ್ಲಿ ಟೆಂಟಿನಿಂದ ಬ್ರೆಡ್ಡಿನ ವಾಸನೆ ಬಂದರೆ ಗಾಬರಿಯಾಗಬೇಡ.

ಇನ್ನು ಅಗಲ. ಎರಡೂ ಇಬ್ಬರಿಗೆ ಎಂದು ಬರೆದಿದೆ. ಎಂಥ ಇಬ್ಬರಿಗೆ ಎಂದು ಬರೆದಿಲ್ಲ. ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದ ಅಗಲ ಗೀಚಿ, ಊಟದ ಬಿಡುವಿನಲ್ಲಿ ನಿನ್ನ ಭಾವನನ್ನು ಕರೆಸಿ ಇಬ್ಬರೂ ಮಲಗಿದೆವು. ಹೊಲಿಯುವ ಹೆಂಗಸರೆಲ್ಲ ಯಂತ್ರ ನಿಲ್ಲಿಸಿ ನೋಡುತ್ತಿದ್ದರು, ನನಗೆ ನಾಚಿಕೆಯೋ ನಾಚಿಕೆ. ಭುಜಕ್ಕೆ ಭುಜ ತಾಗುತ್ತದೆ. ಒಬ್ಬರು ಮಗ್ಗುಲಾದರೆ ಇನ್ನೊಬ್ಬರೂ ಆಗಬೇಕು. ನಿನ್ನ ಭಾವ ಛಾವಣಿ ನೋಡುತ್ತಾ, "ಇಬ್ಬರಿಗೆ ಅಂದ್ರೆ ಜಗಳ ಆಡದೇ ಇರೋ ಇಬ್ಬರಿಗೆ" ಅಂದರು. ಎಲ್ಲರೂ ನಕ್ಕರು. ನಾನು ಎದ್ದು ಸೆರಗಿನ ಸುಣ್ಣ ಕೊಡವಿಕೊಂಡೆ.

ಅಲ್ಲಿಂದ ನನ್ನ ತಲೆ ನಿಂತಲ್ಲಿ ನಿಲ್ಲಲಿಲ್ಲ. ಹಗಲೆಲ್ಲ ಲಾರಿಯ ಹೊದಿಕೆ ಹೊಲಿಯುತ್ತೇನೆ, ಒಳಗೊಳಗೇ ಟೆಂಟು ಹಾಕುತ್ತೇನೆ, ಕೀಳುತ್ತೇನೆ. ಎರಡು ಪದರದ್ದಾದರೆ ಬೆಚ್ಚಗೆ, ಒಣಗಿ, ಭದ್ರವಾಗಿರುತ್ತದೆ. ಅಷ್ಟು ಭಾರವನ್ನು ನೀನೊಬ್ಬಳೇ ಹೊರಲಾರೆ, ಹಂಚಿಕೊಳ್ಳಲೇಬೇಕು. ಇನ್ನೊಂದು ಇಡಿಯಾಗಿ ನಿನ್ನ ಚೀಲದಲ್ಲಿ ಹಿಡಿಯುತ್ತದೆ. ಆದರೆ ಒಂದೇ ಪದರ. ರಾತ್ರಿ ಉಸಿರಾಡಿದ್ದೆಲ್ಲ ಬಟ್ಟೆಗೆ ಹತ್ತಿ ನೀರಾಗಿ ತೊಟ್ಟಿಕ್ಕುತ್ತದೆಯಂತೆ. ಒದ್ದೆ ಅಂದರೆ ಚಳಿ, ಚಳಿ ಅಂದರೆ ನಿನ್ನ ಕಾಲು. ನೆಲ ಗಟ್ಟಿಯಿದ್ದು ಗೂಟ ಇಳಿಯದಿದ್ದರೆ ಅದು ನಿಲ್ಲುವುದೂ ಇಲ್ಲ. ಮೊನ್ನೆ ಹೀಗೇ ಯೋಚಿಸುತ್ತಾ ಹೊದಿಕೆಯ ಅಂಚಿಗೆ ನನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟೆ. ಮೇಸ್ತ್ರಿ ಬಿಚ್ಚಿಕೊಟ್ಟರು, ಬೈಯಲಿಲ್ಲ. ಬೈದಿದ್ದರೆ ಅಳು ಬರುತ್ತಿತ್ತು.

ನಿನ್ನ ಭಾವ ಕೊನೆಗೆ ಕೇಳಿಯೇಬಿಟ್ಟರು. "ನಾನೂ ನೋಡ್ತಾ ಇದೀನಿ. ಅದು ಹೀಗೆ ಇದು ಹಾಗೆ ಅಂತೀಯ. ಎರಡ್ರಲ್ಲಿ ಯಾವುದು ತಗೊಂಡ್ರೂ ಅವಳು ಖುಷಿಯಾಗೇ ಇರ್ತಾಳೆ. ನಿಂಗೆ ಏನು ಭಯ ಹೇಳು."

"ಮತ್ತೆ ಬೇರೆ ಬೇರೆ ಆಗಿಬಿಟ್ರೆ?" ಅಂದೆ.

"ಆಗ್ಬೇಡಿ" ಅಂದರು, ಅಷ್ಟು ಸಲೀಸಾಗಿ. ಆಮೇಲೆ ನನ್ನ ಮುಖ ನೋಡಿ, ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರು.

ಮಾರ್ಚ್ ೧೪, ಶುಕ್ರವಾರ

ಆರಿಸಿದ್ದೇನೆ. ಹಗುರದ್ದನ್ನೇ.

ನಿನ್ನೆ ಮಧ್ಯಾಹ್ನ ರಜೆ ಹಾಕಿ, ಬೇಡದ ಟೆಂಟನ್ನು ನಾನೇ ಆ ಅಂಗಡಿಗೆ ಒಯ್ದು ಕೊಟ್ಟೆ. ಕಾಲು ಎಳೆದುಕೊಂಡೇ ಹೋದೆ. ಆಕೆ ಏನೂ ಆಗದವಳ ಹಾಗೆ ಕೂತುಕೊಳ್ಳಿ ಅಂದಳು. ಅವತ್ತು ನಾನು ಹಾಗೆ ಕೂಗಬಾರದಿತ್ತು ಅಂದೆ. "ಬೆಟ್ಟದ ವಿಷಯ ಅಲ್ವಾ, ಕೂಗಾಟ ಬರತ್ತೆ" ಅಂದಳು. ಆಮೇಲೆ ಮುಕ್ಕಾಲು ಗಂಟೆ ನನಗೆ ಪಾಠ ಮಾಡಿದಳು. ನೀರಿನ ಪಕ್ಕ ಹಾಕಬೇಡಿ, ಸ್ವಲ್ಪ ಮೇಲೆ ಹಾಕಿ, ಆಗ ತೇವ ಕಡಿಮೆ. ಎಷ್ಟೇ ಚಳಿಯಿದ್ದರೂ ಮೇಲಿನ ಗಾಳಿಕಿಂಡಿ ಮುಚ್ಚಬೇಡಿ. ಗೂಟ ಇಳಿಯದ ಕಡೆ ಹಗ್ಗವನ್ನು ಕಲ್ಲಿಗೆ ಸುತ್ತಿ, ಆ ಕಲ್ಲಿನ ಮೇಲೆ ಇನ್ನೊಂದು ದೊಡ್ಡ ಕಲ್ಲು ಇಡಿ. ಬೆಳಿಗ್ಗೆ ಒರೆಸಲು ಒಂದು ತುಂಡು ಬಟ್ಟೆ ಇಟ್ಟುಕೊಳ್ಳಿ. ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಗೂಟಗಳ ಜೊತೆ ಇಟ್ಟಿದ್ದೇನೆ. ಕೊನೆಗೆ ಆಕೆ, "ಇದನ್ನೇ ಯಾಕೆ ಆರಿಸಿದ್ರಿ? ನಿಮಗೆ ಆ ಬಟ್ಟೆ ಕಂಡ್ರೆ ಆಗ್ತಿರ್ಲಿಲ್ಲ" ಎಂದು ಕೇಳಿದಳು. ಒಬ್ಬರೇ ಹೊರಬಹುದು, ಒಬ್ಬರೇ ಹಾಕಬಹುದು ಅಂದೆ. ಆಕೆ ಹೂಂ ಅಂದಳು.

ಆ ಈರುಳ್ಳಿ ಸಿಪ್ಪೆಯ ಬಗ್ಗೆ ನನಗೆ ಈಗ ಸ್ವಲ್ಪ ಮರ್ಯಾದೆ ಬಂದಿದೆ. ತಂದಿದ್ದ ತುಂಡಿನಲ್ಲಿ ಒಂದು ಚೊಂಬು ನೀರು ತುಂಬಿ ಬಾಗಿಲ ಚಿಲಕಕ್ಕೆ ಎರಡು ದಿನ ತೂಗುಹಾಕಿದ್ದೆ, ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಟೆಂಟಿನ ಹೊಲಿಗೆಗಳ ಮೇಲೆ ಮಾತ್ರ ನನಗೆ ನಂಬಿಕೆ ಸಾಲಲಿಲ್ಲ. ಸೂಜಿ ಹೋದ ಪ್ರತಿ ತೂತೂ ನೀರಿಗೆ ಬಾಗಿಲು ಎಂದು ನಮ್ಮಂಥವರಿಗೆ ಗೊತ್ತು. ಪ್ರತಿ ಹೊಲಿಗೆಯ ಮೇಲೂ ಕುಂಚದಿಂದ ಅಂಟು ಸವರಿ ಒಣಗಿಸಿದ್ದೇನೆ. ಹಗ್ಗ ಕಟ್ಟುವ ನಾಲ್ಕು ಮೂಲೆಗಳಿಗೆ ಒಳಗಿನಿಂದ ಇನ್ನೊಂದು ತುಂಡು ಕೊಟ್ಟು ಬಿಗಿ ಮಾಡಿದ್ದೇನೆ. ಅದರಿಂದ ಹನ್ನೊಂದು ಗ್ರಾಂ ಹೆಚ್ಚಾಯಿತು. ಹನ್ನೊಂದು ಗ್ರಾಮಿಗೆ ನನ್ನನ್ನು ಬೈಯಬೇಡ.

ಪಾರ್ಸಲಿನಲ್ಲಿ ಟೆಂಟು ತುಂಬಿದ ಚೀಲದ ಗುರುತು ಹಿಡಿದೆಯಾ? ಅದರ ಜೊತೆ ಬಂದ ಚೀಲ ನನಗೆ ಹಿಡಿಸಲಿಲ್ಲ. ನಮ್ಮ ಹಳೇ ಟೆಂಟಿನ ಬಟ್ಟೆ ನಾಲ್ಕು ವರ್ಷದಿಂದ ಅಟ್ಟದ ಮೇಲಿತ್ತು. ಆಸ್ಪತ್ರೆಯಿಂದ ಬಂದ ದಿನ ಹೇಗೆ ಸುತ್ತಿಟ್ಟಿದ್ದೆನೋ ಹಾಗೇ ಇತ್ತು. ಅದರ ಕೋಲುಗಳು ಇನ್ನೂ ನಿನ್ನ ಕಪಾಟಿನ ಹಿಂದಿವೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ದಿನವೇ ಇಳಿಸಿದೆ. ಒಳ್ಳೆಯ ಭಾಗ ನೋಡಿ ಈ ಚೀಲ ಹೊಲಿದೆ, ಉಳಿದದ್ದನ್ನು ಒರೆಸುವ ಬಟ್ಟೆ ಮಾಡಿದೆ.

ಈಗ ನನ್ನ ಷರತ್ತು. ಷರತ್ತು ಅನ್ನು, ಬೇಡಿಕೆ ಅನ್ನು, ಅಕ್ಕನ ಹಠ ಅನ್ನು. ಟೆಂಟು ಇಡಿಯಾಗಿ ನಿನ್ನ ಚೀಲದಲ್ಲೇ ಇರಬೇಕು. ಬಟ್ಟೆ, ಗೂಟ, ಹಗ್ಗ ಎಲ್ಲ. ಊರುಗೋಲು ಎರಡೂ ನಿನ್ನ ಕೈಯಲ್ಲಿರಬೇಕು. ನಾನು ಕೇಳಿದರೂ ಕೊಡಬಾರದು. ಅಕ್ಕನಿಗೆ ಆಯಾಸವಾಗಿದೆ, ಅಕ್ಕ ಅಳುತ್ತಿದ್ದಾಳೆ, ಯಾವುದಕ್ಕೂ ಕರಗಬಾರದು. ಅಡುಗೆಯ ಸಾಮಾನು, ಆಹಾರ, ನೀರು, ನಿನ್ನ ಸ್ಲೀಪಿಂಗ್ ಬ್ಯಾಗು ಕೂಡ ನಾನು ಹೊರುತ್ತೇನೆ. ಇಪ್ಪತ್ತಾರು ವರ್ಷ ತಾಡಪಾಲಿನ ಉರುಳೆ ಹೊತ್ತವಳಿಗೆ ಇದೇನು ಮಹಾ? ಅಲ್ಲಲ್ಲ, ತಡಿ. ಸ್ಲೀಪಿಂಗ್ ಬ್ಯಾಗೂ ನಿನ್ನ ಹತ್ತಿರವೇ ಇರಲಿ. ನೋಡು, ಈಗಲೂ ತಪ್ಪು ಮಾಡುತ್ತಿದ್ದೆ.

ಪಾರ್ಸಲ್ ಸಿಕ್ಕಿದ ಕೂಡಲೇ ಸ್ಕೂಲಿನ ಮೈದಾನಕ್ಕೆ ಒಯ್ದು ಹಾಕಿ ನೋಡು. ಯಾರ ಸಹಾಯವನ್ನೂ ತೆಗೆದುಕೊಳ್ಳಬೇಡ. ಮೊದಲು ಕೈಗವಸು ಇಲ್ಲದೆ, ಆಮೇಲೆ ದಪ್ಪ ಕೈಗವಸು ಹಾಕಿಕೊಂಡು, ಆಮೇಲೆ ಕಣ್ಣುಮುಚ್ಚಿ. ಎಷ್ಟು ನಿಮಿಷ ಹಿಡಿಯಿತು ಎಂದು ಬರೆ. ನನಗೆ ಅಂಗಳದಲ್ಲಿ ಮೊದಲ ಸಲ ಇಪ್ಪತ್ತಾರು ನಿಮಿಷ ಬೇಕಾಯಿತು, ಟೆಂಟು ನಿನ್ನ ಭಾವನ ಮೇಲೆ ಎರಡು ಸಲ ಕುಸಿಯಿತು. ಐದನೆಯ ಸಲಕ್ಕೆ ಏಳು ನಿಮಿಷ. ನೀನು ಡ್ರಿಲ್ ಟೀಚರ್, ಐದಕ್ಕೆ ತರಬೇಕು.

ಮೇ ಮೊದಲ ವಾರ ಎಂದು ಬರೆದಿದ್ದೀಯ. ನಾನು ರಜೆ ಕೇಳಿದ್ದೇನೆ, ಮೇಸ್ತ್ರಿ ಆಗಲಿ ಅಂದಿದ್ದಾರೆ. ಇಷ್ಟಾದರೂ ನನ್ನ ಭಯ ಹೋಗಿಲ್ಲ. ಟೆಂಟು ಸಿಕ್ಕಿದರೆ ಹೋಗುತ್ತದೆ ಅಂದುಕೊಂಡಿದ್ದೆ, ಸಿಕ್ಕಿತು, ಹೋಗಲಿಲ್ಲ. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಅದರೊಳಗೆ ಒಬ್ಬಳೇ ಮಲಗಿ ನೋಡಿದೆ. ಬಟ್ಟೆಯ ಮೂಲಕ ಬೆಳಕು ಚೆನ್ನಾಗಿ ಬರುತ್ತದೆ. ಪಕ್ಕದಲ್ಲಿ ನಿನ್ನ ಜಾಗ ಖಾಲಿಯಿತ್ತು. ಎದ್ದು ಬಂದು ಈ ಕಾಗದ ಮುಂದುವರಿಸಿದೆ.

ನಿನ್ನ ಕಾಲು ನೀನು ಅಂದುಕೊಂಡಷ್ಟು ದೂರ ನಿನ್ನನ್ನು ಹೊತ್ತು ನಡೆಯಲಿ, ನೋವಿಲ್ಲದೆ ನಡೆಯಲಿ. ಮಲಗಿದ ಕಡೆ ಬೆಚ್ಚಗಿರು. ನಿನಗೆ ನನ್ನ ಆಯುಸ್ಸೂ ಸೇರಿ ಸಿಗಲಿ. ನಿನ್ನ ಭಾವ ಒಂದು ಬ್ರೆಡ್ಡು ಕಟ್ಟಿಕೊಟ್ಟಿದ್ದಾರೆ, ಸೀಯದ್ದು, ಆರಿಸಿ ಕೊಟ್ಟಿದ್ದಾರೆ.

ಇಂತಿ,
ನಿನ್ನ ಅಕ್ಕ

ಮರೆತ ಮಾತು:

ಮರೆತೆ ಅನ್ನುವುದು ಸುಳ್ಳು. ಸೀಟಿಯ ಸಾಲಿಗೆ ಆಮೇಲೆ ಬರುತ್ತೇನೆ ಎಂದು ಮೊದಲೇ ಬರೆದಿದ್ದೆ. ಬಾರದೆಯೇ ಅಂಟು ಹಚ್ಚಿಬಿಡೋಣ ಅಂದುಕೊಂಡಿದ್ದೆ.

ನೀನು ಬರೆದದ್ದು ಇಷ್ಟೇ. "ಈ ಸಲ ಸೀಟಿ ತರಲ್ಲ ಬಿಡು, ನಿನಗೆ ಅದರ ಸದ್ದು ಕಂಡ್ರೆ ಆಗಲ್ಲವಲ್ಲ." ಐದು ವಾರದಿಂದ ಅದನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದೇನೆ. ತಮಾಷೆಗೆ ಬರೆದೆಯೋ, ನಿನಗೆ ಮೊದಲಿನಿಂದಲೂ ಗೊತ್ತಿದೆಯೋ, ನನಗೆ ತಿಳಿಯಲಿಲ್ಲ. ಗೊತ್ತಿಲ್ಲದಿದ್ದರೆ ನನ್ನಿಂದಲೇ ಗೊತ್ತಾಗಲಿ.

ಆಗ ಗಾಳಿ ಅಷ್ಟು ಜೋರಿರಲಿಲ್ಲ ಪೀಪಿ. ನಿನ್ನ ಸೀಟಿ ನನಗೆ ಕೇಳಿಸಿತ್ತು.

ಆ ದಿನ ಬೆಳಿಗ್ಗೆಯಿಂದ ನೀನು ನನ್ನ ಹಿಂದೆ ಸೀಟಿ ಊದುತ್ತಲೇ ಇದ್ದೆ, ಬೇಗ ಬೇಗ ಎಂದು, ನಿನ್ನ ಸ್ಕೂಲಿನ ಮಕ್ಕಳನ್ನು ಓಡಿಸುವ ಹಾಗೆ. ಮರದ ಸೇತುವೆಯ ಹತ್ತಿರ ನನಗೆ ತಡೆಯಲಾಗಲಿಲ್ಲ. "ಇನ್ನೊಂದ್ಸಲ ಊದು, ನಾನು ತಿರುಗಿ ಕೂಡ ನೋಡಲ್ಲ" ಅಂದೆ. ನೀನು ನಕ್ಕೆ. ಕವಲಿನಲ್ಲಿ ನಿನ್ನನ್ನು ಬಿಟ್ಟು ಮುಂದೆ ಹೋದದ್ದೂ ಆ ಸಿಟ್ಟಿನಲ್ಲೇ. ಹತ್ತು ನಿಮಿಷ ನಡೆದಿದ್ದೆನೇನೋ, ಸೀಟಿ ಕೇಳಿತು. ಉದ್ದಕ್ಕೆ ಮೂರು. ಮತ್ತೆ ಕೆಣಕುತ್ತಿದ್ದೀಯ ಅಂದುಕೊಂಡೆ. ಇದು ಸತ್ಯ. ಎರಡನೆಯ ಸಲ ಮೂರು ಬಂದಾಗ ಅದು ಕೆಣಕುವ ಸೀಟಿಯಲ್ಲ ಎಂದು ಗೊತ್ತಾಯಿತು. ಮೂರು ಉದ್ದ ಅಂದರೆ ಏನು ಎಂದು ಬಸ್ಸಿನಲ್ಲಿ ನೀನೇ ಕಲಿಸಿದ್ದೆ. ನನ್ನ ಕೊರಳಲ್ಲೂ ಒಂದು ಸೀಟಿ ತೂಗುತ್ತಿತ್ತು. ಒಂದು ಸಲ ಊದಿದ್ದರೆ ಸಾಕಿತ್ತು.

ಸ್ವಲ್ಪ ಹೊತ್ತು ಕಾಯಲಿ, ಅಂದುಕೊಂಡೆ.

ಒಂದು ಬಂಡೆಯ ಮರೆಯಲ್ಲಿ ಕೂತು ನಿನ್ನ ಭಾವ ಕಟ್ಟಿಕೊಟ್ಟಿದ್ದ ಬ್ರೆಡ್ಡು ತಿಂದೆ. ಮೂರನೆಯ ಸಲ ಸೀಟಿ ಬಂದಾಗ ದೂರವಾಗಿತ್ತು. ಬಾಯಲ್ಲಿದ್ದದ್ದನ್ನು ಅಗಿದು ಮುಗಿಸಿ, ಕೈ ಒರೆಸಿಕೊಂಡು ಎದ್ದೆ. ಆಮೇಲೆ ಊದಿದೆ, ಕೂಗಿದೆ, ಕವಲಿನವರೆಗೂ ಓಡಿದೆ. ಅಷ್ಟು ಹೊತ್ತಿಗೆ ಗಾಳಿ ನಿಜವಾಗಿಯೂ ಎದ್ದಿತ್ತು, ನೀನು ಅಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ನೀನು ಕಣ್ಣುಬಿಟ್ಟು ಮೊದಲು ಕೇಳಿದ್ದೇ, "ಅಕ್ಕಾ, ಕೇಳಿಸ್ಲಿಲ್ವಾ?" ಎಂದು. ಗಾಳಿ ಅಂದೆ. ನೀನು ನಂಬಿದೆ, ನನ್ನ ಕೈ ಹಿಡಿದು ಸಮಾಧಾನ ಮಾಡಿದೆ. ಅವತ್ತಿನಿಂದ ಆ ಗಾಳಿಯನ್ನು ಎಲ್ಲರ ಮುಂದೆಯೂ ಬೀಸಿಸುತ್ತಿದ್ದೇನೆ. ನಿನ್ನ ಭಾವನಿಗೂ ಇದು ಗೊತ್ತಿಲ್ಲ.

ಇದನ್ನು ಓದಿದ ಮೇಲೆ ನನ್ನ ಜೊತೆ ಬರುವುದೂ ಬಿಡುವುದೂ ನಿನಗೆ ಸೇರಿದ್ದು. ಟೆಂಟು ನಿನ್ನದು. ಅದು ನಿಲ್ಲಲು ನಾನು ಬೇಕಾಗಿಲ್ಲ, ಅದನ್ನು ನೋಡಿಯೇ ಆರಿಸಿದ್ದೇನೆ.

ಬರುವುದಾದರೆ ಸೀಟಿ ತಾ.